ಮಲಗುವ ಸೀಟು

ಅಮ್ಮನಿಗೆ ನಲವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ನಿಲ್ಲುತ್ತಿದ್ದಳು, ನಡೆಯುತ್ತಿದ್ದಳು, ಮಲಗುತ್ತಿದ್ದಳು. ಅದಕ್ಕಿಂತ ಹೆಚ್ಚು ಕೂತಳೋ, ಸೊಂಟದಿಂದ ಹಿಮ್ಮಡಿಯವರೆಗೆ ಬೆಂಕಿಯ ಗೆರೆ ಎಳೆದ ಹಾಗಾಗುತ್ತಿತ್ತು. ಇಪ್ಪತ್ತಾರು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಒದ್ದೆ ಬೆಡ್‌ಶೀಟುಗಳ ಗಾಡಿ ತಳ್ಳಿ ಸಂಪಾದಿಸಿದ್ದು ಅದು. ಬೆನ್ನಿಗೆ ಎರಡು ಸರಳು ಹಾಕಿ ಡಾಕ್ಟರು ಕೈ ತೊಳೆದುಕೊಂಡಿದ್ದರು. ಅಂದಿನಿಂದ ಅಮ್ಮ ಊಟವನ್ನೂ ಅಡುಗೆಕಟ್ಟೆಯ ಮುಂದೆ ನಿಂತೇ ಮಾಡುತ್ತಿದ್ದಳು. ಟಿವಿಯನ್ನು ಗೋಡೆಗೆ ಒರಗಿ ನೋಡುತ್ತಿದ್ದಳು. ಯಾರಾದರೂ ಬಂದು “ಕೂತ್ಕೊಳ್ಳಿ” ಅಂದರೆ “ನೀವು ಕೂತ್ಕೊಳ್ಳಿ, ನಾನು ಆಗ್ಲೇ ಒಂದು ಜನ್ಮಕ್ಕಾಗೋಷ್ಟು ಕೂತಾಯ್ತು” ಎಂದು ನಗುತ್ತಿದ್ದಳು.

ಆ ನಗು ನಿಲ್ಲುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ಆಗ ದೊಡ್ಡಮ್ಮನ ಫೋನು ಬರುತ್ತಿತ್ತು.

ದೊಡ್ಡಮ್ಮ ಅಮ್ಮನ ಅಕ್ಕ. ಒಂಬತ್ತು ವರ್ಷಕ್ಕೆ ದೊಡ್ಡವಳು, ಅಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಮ್ಮನ ಮದುವೆಯ ಹಿಂದಿನ ದಿನದವರೆಗೂ ಇಬ್ಬರೂ ಒಂದೇ ಮಂಚದಲ್ಲಿ ಮಲಗಿದವರು. ನರ್ಸ್ ಕೆಲಸ ಹಿಡಿದು ದೊಡ್ಡಮ್ಮ ಸಮುದ್ರದಾಚೆಯ ದೇಶಕ್ಕೆ ಹೋದಳು, ಅಲ್ಲೇ ಮದುವೆಯಾದಳು, ಮಕ್ಕಳಾಗಲಿಲ್ಲ, ಗಂಡನನ್ನೂ ಕಳೆದುಕೊಂಡಳು. ಅಕ್ಕತಂಗಿಯರು ಎದುರೆದುರು ನಿಂತು ಹತ್ತೊಂಬತ್ತು ವರ್ಷವಾಗಿತ್ತು. ಈಗ ದೊಡ್ಡಮ್ಮನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವಳು ಊರು ಬಿಡುವಂತಿರಲಿಲ್ಲ, ಇವಳು ಕೂರುವಂತಿರಲಿಲ್ಲ. ನಡುವೆ ಹದಿನಾಲ್ಕು ಗಂಟೆಯ ವಿಮಾನ.

“ಗುಬ್ಬಿ, ಹೇಗಿದ್ದೀಯೇ?” ಎಂದು ದೊಡ್ಡಮ್ಮ ಫೋನಿನಲ್ಲಿ ಕೇಳುತ್ತಿದ್ದಳು. ಅರವತ್ತರ ಅಮ್ಮನನ್ನು ಗುಬ್ಬಿ ಎನ್ನುವವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.

“ಚೆನ್ನಾಗಿದ್ದೀನಕ್ಕ. ನೀನು ಮುಖ ಸರಿಯಾಗಿ ತೋರ್ಸು. ಬರೀ ಹಣೆ ಕಾಣ್ತಿದೆ.”

ಫೋನಿಟ್ಟ ಮೇಲೆ ಅಮ್ಮ ಕಿಟಕಿಯ ಸರಳು ಹಿಡಿದು ಸುಮಾರು ಹೊತ್ತು ನಿಲ್ಲುವಳು. ಮಗಳು ಆಗ ಮಾತಾಡಿಸುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗಲೂ ಅಮ್ಮ ಹೀಗೇ ನಿಂತಿದ್ದನ್ನು ಅವಳು ನೋಡಿದ್ದಳು.

ಮಗಳು ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವ ಇಂಜಿನಿಯರು. ಎಲ್ಲಿ ಯಂತ್ರ ಕೆಟ್ಟಿತೋ ಅಲ್ಲಿಗೆ ಕಂಪನಿ ಅವಳನ್ನು ವಿಮಾನ ಹತ್ತಿಸುತ್ತಿತ್ತು. ಒಂದು ವಾರದಲ್ಲಿ ನಾಲ್ಕು ಊರು ನೋಡಿದ್ದೂ ಉಂಟು. ನೋಡಿದ್ದು ಅಂದರೆ ನೆಲಮಾಳಿಗೆಯ ಸ್ಕ್ಯಾನಿಂಗ್ ಕೋಣೆ ಮತ್ತು ಟ್ಯಾಕ್ಸಿಯ ಕಿಟಕಿ, ಅಷ್ಟೇ. ವಿಮಾನ ಸಂಸ್ಥೆಯವರು ಮೈಲಿಗಳ ಲೆಕ್ಕದ ಕಾರ್ಡೊಂದನ್ನು ಕಳಿಸಿದಾಗ ಅವಳು ಅದನ್ನು ಟೂಲ್‌ಬ್ಯಾಗಿನ ತಳಕ್ಕೆ ಎಸೆದಿದ್ದಳು. ಹಾರಿದಷ್ಟು ಮೈಲಿ, ಮೈಲಿ ಕೂಡಿದರೆ ಬಿಟ್ಟಿ ಟಿಕೆಟು. ಹಾರಿ ಹಾರಿ ಸಾಕಾದವಳಿಗೆ ಇನ್ನೂ ಹಾರು ಎಂದು ಆಸೆ ಹುಟ್ಟಿಸುವವರನ್ನು ಕಂಡು ನಗು ಬಂದಿತ್ತು.

ನಗು ನಿಂತದ್ದು ತರಬೇತಿಗೆಂದು ದೂರದ ದೇಶಕ್ಕೆ ಹೋಗುವಾಗ. ವಿಮಾನ ಭರ್ತಿಯಾಗಿತ್ತು. ಬಾಗಿಲಲ್ಲಿದ್ದವಳು ಇವಳ ಚೀಟಿ ತೆಗೆದುಕೊಂಡು ಇನ್ನೊಂದು ಕೊಟ್ಟು, “ನಿಮ್ಮನ್ನ ಬಿಸಿನೆಸ್ ಕ್ಲಾಸಿಗೆ ಹಾಕಿದ್ದೀವಿ” ಅಂದಳು. ಮುಂದಿನ ಸಾಲಿನಲ್ಲಿ ಬಚ್ಚಲುಮನೆಯಷ್ಟು ಅಗಲದ ಗೂಡು. ಬಿಸಿ ಬಿಸಿ ಒದ್ದೆ ಟವೆಲು, ಗಾಜಿನ ಲೋಟ, ಬಟ್ಟೆ ಹಾಸಿದ ತಟ್ಟೆ. ಅದನ್ನೆಲ್ಲ ಅವಳು ಅಷ್ಟಕ್ಕಷ್ಟೇ ನೋಡಿದಳು. ಆಮೇಲೆ ಕುರ್ಚಿಯ ಕೈಯ ಪಕ್ಕದ ಗುಂಡಿ ಒತ್ತಿದಳು. ಬೆನ್ನು ಹಿಂದೆ ಬಾಗಿತು, ಕಾಲಡಿಯಿಂದ ಹಲಗೆ ಮೇಲೆದ್ದು ಬಂತು, ಕುರ್ಚಿ ಚಪ್ಪಟೆಯಾಗಿ ಮಂಚವಾಯಿತು. ಮೋಡದ ಮೇಲೆ ಹಗಲು ಬೆಳಕಿನಲ್ಲಿ ನೆಟ್ಟಗೆ ಮಲಗಿ ಅವಳು ತನ್ನ ಬೆನ್ನಿನ ಒಂದೊಂದು ಮೂಳೆಯನ್ನೂ ಹಾಸಿಗೆಗೆ ಒತ್ತಿ ನೋಡಿದಳು. ಎಲ್ಲೂ ಕೂತ ಹಾಗಿರಲಿಲ್ಲ.

“ಹದಿನಾಲ್ಕು ಗಂಟೆ ಅಮ್ಮ ಇದ್ರಲ್ಲಿ ಮಲ್ಕೊಂಡು ಹೋಗ್ಬಹುದು” ಎಂದು ಬಾಯಿಬಿಟ್ಟೇ ಹೇಳಿಬಿಟ್ಟಳು. ಪಕ್ಕದ ಗೂಡಿನವನು ಕಿವಿಯಿಂದ ಹೆಡ್‌ಫೋನ್ ತೆಗೆದು “ಏನಂದ್ರಿ?” ಅಂದ.

ಊರಿಗೆ ಬಂದವಳೇ ಟೂಲ್‌ಬ್ಯಾಗು ಮಗುಚಿ ಕಾರ್ಡು ಹುಡುಕಿದಳು.

ಆ ಟಿಕೆಟನ್ನು ದುಡ್ಡು ಕೊಟ್ಟು ಕೊಳ್ಳುವುದು ಅವಳ ಸಂಬಳಕ್ಕೆ ಎಟುಕುವ ಮಾತಲ್ಲ. ಮೈಲಿಯಲ್ಲಾದರೆ ಹೋಗಲು ಎಪ್ಪತ್ತೆರಡು ಸಾವಿರ, ಬರಲು ಅಷ್ಟೇ. ಅಂದಿನಿಂದ ಬೇರೆಯವರು ಮೂಗು ಮುರಿದ ಪ್ರಯಾಣಗಳೆಲ್ಲ ಅವಳ ಪಾಲಾದವು. ನೇರ ವಿಮಾನ ಬಿಟ್ಟು ಎರಡು ಕಡೆ ಇಳಿದು ಹತ್ತುವ ವಿಮಾನ ಹಿಡಿದಳು. ದಿನಸಿ, ಔಷಧಿ, ಫೋನಿನ ಬಿಲ್ಲು, ಎಲ್ಲವೂ ಮೈಲಿ ಕೊಡುವ ಬ್ಯಾಂಕ್ ಕಾರ್ಡಿನಲ್ಲೇ. ಸಹೋದ್ಯೋಗಿಗಳು ಹೋಟೆಲಿನಲ್ಲಿ ಉಂಡರೆ ಬಿಲ್ಲು ಇವಳ ಕಾರ್ಡಿಗೆ, ದುಡ್ಡು ಇವಳ ಕೈಗೆ. “ಕಾಲಿಗೆ ಚಕ್ರ ಕಟ್ಕೊಂಡಿದ್ದಾಳೆ” ಎಂದು ಆಫೀಸಿನಲ್ಲಿ ಆಡಿಕೊಂಡರು.

ಅಮ್ಮ ಎಳೆಗೂಸಿನ ತೂಕ ವಿಚಾರಿಸುವ ಹಾಗೆ ವಾರಕ್ಕೊಮ್ಮೆ ಕೇಳುತ್ತಿದ್ದಳು, “ಈಗ ಎಷ್ಟಾಯ್ತು?”

“ಐವತ್ತೆಂಟು ಸಾವಿರ.”

“ಪರವಾಗಿಲ್ವೇ. ಹೋದ್ವಾರಕ್ಕಿಂತ ಮೈ ತುಂಬ್ಕೊಂಡಿದೆ.”

ಒಮ್ಮೆ ಮಾತ್ರ, ಮಗಳು ಬಾಗಿಲಲ್ಲಿ ಶೂ ಕಟ್ಟಿಕೊಳ್ಳುತ್ತಿರುವಾಗ, ಅಮ್ಮ ಹಿಂದಿನಿಂದ ಅಂದಳು: “ಈ ತಿಂಗಳು ನೀನು ಮನೇಲಿದ್ದದ್ದು ಆರು ದಿನ. ಅಕ್ಕನ್ನ ನೋಡೋಕೆ ಅಂತ ನಿನ್ನ ನೋಡೋದೇ ತಪ್ಪೋಯ್ತಲ್ಲೇ.”

“ಇನ್ನೊಂದು ವರ್ಷ ಅಮ್ಮ. ಆಮೇಲೆ ಮನೇಲೇ ಬಿದ್ದಿರ್ತೀನಿ, ನೀನೇ ಆಚೆ ಹಾಕ್ಬೇಕು.”

ಅಷ್ಟು ಹೊತ್ತಿಗೆ ಅವಳ ಮೈಲಿಯ ಕಾರ್ಡು ದರ್ಜೆ ಏರಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ಏರ್‌ಪೋರ್ಟಿನ ಲೌಂಜಿಗೆ ಪ್ರವೇಶ ಸಿಕ್ಕಿತ್ತು. ಟೈರ್ ಸರ್ ಪರಿಚಯವಾದದ್ದು ಅಲ್ಲೇ. ಐವತ್ತೈದು ದಾಟಿದ ಮನುಷ್ಯ, ಟೈರ್ ಕಂಪನಿಯ ಮಾರಾಟದ ಮುಖ್ಯಸ್ಥ, ಕಾಫಿ ಯಂತ್ರದ ಪಕ್ಕದ ಕುರ್ಚಿ ಅವನ ಖಾಯಂ ಜಾಗ. ಮೈಲಿಯ ವಿದ್ಯೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಯಾವ ವಿಮಾನದ ಯಾವ ಸೀಟಿಗೆ ಕಿಟಕಿ ಇಲ್ಲ ಎನ್ನುವುದು ಅವನಿಗೆ ಬಾಯಿಪಾಠ. ಅವನ ಖಾತೆಯಲ್ಲಿ ಒಂಬತ್ತು ಲಕ್ಷ ಮೈಲಿ ಇತ್ತು.

“ಅಷ್ಟೊಂದು ಇಟ್ಕೊಂಡು ಏನು ಮಾಡ್ತೀರಿ ಸರ್? ಎಲ್ಲಾದ್ರೂ ಹೋಗಬಾರದಾ?” ಎಂದು ಅವಳು ಕೇಳಿದ್ದಳು.

ಅವನು ಚಮಚದಿಂದ ಕಾಫಿ ಕಲಕುತ್ತಲೇ ಹೇಳಿದ. “ಹೆಂಡ್ತಿ ಜೊತೆ ಹೋಗ್ಬೇಕು ಅಂತ ಕೂಡಿಟ್ಟೆ. ಅವಳು ಕೇಳ್ತಿದ್ದದ್ದು ಒಂದೇ, ಭಾನುವಾರ ಮನೇಲಿರಿ ಅಂತ. ನಾನು ಭಾನುವಾರದ ವಿಮಾನಕ್ಕೆ ಎರಡರಷ್ಟು ಮೈಲಿ ಅಂತ ಓಡ್ತಿದ್ದೆ. ಈಗ ಅವಳ ಮನೆ ಬೇರೆ, ನನ್ನ ಮನೆ ಬೇರೆ. ಭಾನುವಾರ ಫ್ರೀ ಇರ್ತೀನಿ.” ಆಮೇಲೆ, ಹೇಳಬಾರದ್ದು ಹೇಳಿದವನಂತೆ, ಎದ್ದು ಹೋಗಿ ಇನ್ನೊಂದು ಕಾಫಿ ತಂದ.

ಮೈಲಿ ಒಂದು ಲಕ್ಷದ ಮೂವತ್ತೊಂಬತ್ತು ಸಾವಿರ ತಲುಪಿದ ವಾರ ವಿಮಾನ ಸಂಸ್ಥೆಯಿಂದ ಸಂದೇಶ ಬಂತು. ‘ನಮ್ಮ ಆತ್ಮೀಯ ಗ್ರಾಹಕರೇ, ನಿಮಗೆ ಇನ್ನೂ ಉತ್ತಮ ಸೇವೆ ನೀಡಲು’ ಎಂದು ಶುರುವಾಗಿತ್ತು. ಹದಿನೇಳು ದಿನದ ನಂತರ ಎಪ್ಪತ್ತೆರಡು ಸಾವಿರದ ಸೀಟಿಗೆ ಒಂದು ಲಕ್ಷದ ಐದು ಸಾವಿರ ಮೈಲಿ. ಅವಳು ಸಂದೇಶವನ್ನು ಎರಡು ಬಾರಿ ಓದಿದಳು. ಸ್ಕ್ಯಾನಿಂಗ್ ಕೋಣೆಯ ಹೊರಗೆ, ಬಿಚ್ಚಿದ ಯಂತ್ರವನ್ನು ಹಾಗೇ ಬಿಟ್ಟು, ಫೋನಿನಲ್ಲಿ ಹುಡುಕಿದಳು. ಮುಂದಿನ ಹನ್ನೊಂದು ತಿಂಗಳಲ್ಲಿ ಹೋಗುವ ಬರುವ ಸೀಟು ಒಂದೂ ಇರಲಿಲ್ಲ.

ಮರುದಿನ ಲೌಂಜಿನಲ್ಲಿ ಟೈರ್ ಸರ್ ಮುಂದೆ ಫೋನು ಹಿಡಿದಳು.

“ಮೊದಲು ಹೋಗೋದು ಬರೋದು ಒಟ್ಟಿಗೆ ಹುಡುಕೋದು ಬಿಡಿ” ಅಂದ ಅವನು. “ಬಿಡಿಬಿಡಿಯಾಗಿ ಹುಡುಕಿ. ನೇರ ವಿಮಾನ ಮರೆತುಬಿಡಿ, ನಡುವೆ ಒಂದು ಊರು ಹಾಕಿ. ಹೊರಡೋಕೆ ಹತ್ತು ದಿನ ಇರುವಾಗ ಮಾರಾಟ ಆಗದ ಸೀಟು ಮೈಲಿಗೆ ಬಿಡ್ತಾರೆ, ಬೆಳಿಗ್ಗೆ ಏಳಕ್ಕೆ. ಕಂಪ್ಯೂಟರ್ ಇಲ್ಲ ಅಂದ್ರೆ ನಂಬಬೇಡಿ, ಫೋನ್ ಮಾಡಿ. ಫೋನ್‌ನಲ್ಲಿ ಸಿಕ್ಕೋರು ಮಂಕಾಗಿದ್ರೆ ಥ್ಯಾಂಕ್ಸ್ ಹೇಳಿ ಇಟ್ಟು, ಮತ್ತೆ ಮಾಡಿ. ಚುರುಕಾಗಿರೋರು ಸಿಗೋವರೆಗೂ ಮಾಡಿ.”

“ಆದ್ರೆ ವಾಪಸ್ಸು?”

“ಮೊದಲು ಅಮ್ಮನ್ನ ಅಕ್ಕನ ಹತ್ರ ಮುಟ್ಟಿಸಿ. ವಾಪಸ್ಸಿಗೆ ಮೈಲಿ ಆಮೇಲೆ ಕೂಡುತ್ತೆ. ಡಯಾಲಿಸಿಸ್ ಮೇಲಿರೋರು ನಿಮ್ಮ ಖಾತೆ ತುಂಬೋವರೆಗೂ ಕಾಯ್ತಾರೆ ಅಂತ ಬರ್ಕೊಟ್ಟಿದ್ದಾರಾ?” ಸ್ವಲ್ಪ ತಡೆದು, “ಬೇಕಿದ್ರೆ ನನ್ನ ಖಾತೆಯಿಂದ ತಗೊಳ್ಳಿ” ಅಂದ.

ಅವಳು ತಲೆಯಾಡಿಸಿದಳು. ಯಾಕೆ ಬೇಡವೆಂದಳೋ ಅವಳಿಗೇ ಸರಿಯಾಗಿ ಗೊತ್ತಾಗಲಿಲ್ಲ. ಅಮ್ಮನ ಹಾಸಿಗೆಯನ್ನು ತಾನೇ ಹಾಸಬೇಕೆಂಬ ಹಟವಿತ್ತು.

ಐದು ದಿನ ಬೆಳಿಗ್ಗೆ ಏಳಕ್ಕೆ ಫೋನು ಹಿಡಿದಳು. ಆರನೆಯ ದಿನ ಮೂರನೆಯ ಬಾರಿಗೆ ಫೋನಿಟ್ಟು ಮತ್ತೆ ಮಾಡಿದಾಗ ಚುರುಕಾದ ಹೆಂಗಸೊಬ್ಬಳು ಸಿಕ್ಕಳು. ಎಪ್ಪತ್ತೆರಡು ಸಾವಿರಕ್ಕೆ ಒಂದು ಸೀಟು, ಒಂಬತ್ತು ದಿನಕ್ಕೆ ಹೊರಡುವುದು. ಒಂದೇ. “ಹಿಡಿಯಲಾ?” ಎಂದಳು ಆ ಹೆಂಗಸು. “ಹಿಡೀರಿ” ಎಂದು ಮಗಳು ಅಮ್ಮನ ಪಾಸ್‌ಪೋರ್ಟಿನ ನಂಬರನ್ನು ಎರಡೆರಡು ಬಾರಿ ಓದಿ ಹೇಳಿದಳು.

ತಾನೂ ಹಿಂದಿನ ಸಾಲಿನಲ್ಲಿ ಹೋಗೋಣವೆಂದರೆ ಹೊಸ ಆಸ್ಪತ್ರೆಯೊಂದರಲ್ಲಿ ಯಂತ್ರ ಕೂರಿಸುವ ಕೆಲಸ ಇವಳ ತಲೆಯ ಮೇಲಿತ್ತು, ರಜೆ ಸಿಗಲಿಲ್ಲ. ಅಮ್ಮ ಒಬ್ಬಳೇ ಹೊರಟಳು. ಮೊದಲೇ ಮಾಡಿಸಿಟ್ಟಿದ್ದ ಆರು ತಿಂಗಳ ವೀಸಾ, ಒಂದು ಪೆಟ್ಟಿಗೆ, ದೊಡ್ಡ ಅಕ್ಷರದಲ್ಲಿ ಮಗಳು ಬರೆದುಕೊಟ್ಟ ಒಂದು ಹಾಳೆ: ಯಾವ ಗುಂಡಿ ಒತ್ತಿದರೆ ಬೆನ್ನು ಇಳಿಯುತ್ತದೆ, ಯಾವುದು ಒತ್ತಿದರೆ ಕಾಲು ಏಳುತ್ತದೆ, ಏರುವಾಗ ಇಳಿಯುವಾಗ ಮಾತ್ರ ಅರ್ಧ ಗಂಟೆ ಹಲ್ಲು ಕಚ್ಚಿ ಕೂರಬೇಕು.

“ಹಾಸಿಗೆ ಅಂದ್ಯಲ್ಲ, ಬೆಡ್‌ಶೀಟು ಒಗೆದಿರ್ತಾರಾ?” ಎಂದು ಅಮ್ಮ ಏರ್‌ಪೋರ್ಟಿನಲ್ಲಿ ಕೇಳಿದಳು.

“ಒಗೆದಿರ್ತಾರೆ.”

“ನೋಡೋಣ.”

ಬಂಗಾರದ ಕಾರ್ಡು ತೋರಿಸಿದರೂ ಟಿಕೆಟಿಲ್ಲದವಳನ್ನು ಪೊಲೀಸರು ಗಾಜಿನ ಬಾಗಿಲಿನಿಂದಾಚೆ ಬಿಡಲಿಲ್ಲ. ನೂರಾರು ಬಾರಿ ಲೆಕ್ಕವಿಲ್ಲದೆ ದಾಟಿದ ಬಾಗಿಲು ಅದು. ಏರ್‌ಪೋರ್ಟಿನವರು ತಂದ ಗಾಲಿಕುರ್ಚಿಯಲ್ಲಿ ಕೂರದೆ, ಪೆಟ್ಟಿಗೆಯನ್ನು ಅದರ ಮೇಲಿಟ್ಟು ಅಮ್ಮ ತಾನೇ ತಳ್ಳಿಕೊಂಡು ನಡೆದಳು, ಒದ್ದೆ ಬಟ್ಟೆಯ ಗಾಡಿ ತಳ್ಳುತ್ತಿದ್ದ ಹಾಗೆಯೇ, ಸ್ವಲ್ಪ ಎಡಕ್ಕೆ ವಾಲಿ. ತಿರುಗಿ ನೋಡಿದಳೋ ಇಲ್ಲವೋ, ಗಾಜಿನ ಮೇಲೆ ಬಿಸಿಲು ಬಿದ್ದು ಮಗಳಿಗೆ ಕಾಣಲಿಲ್ಲ.

ಎರಡನೆಯ ದಿನ ಫೋನು ಬಂತು. “ಮಲ್ಕೊಂಡೇ ಬಂದೆ ಕಣೇ. ರಾಣಿ ಹಾಗೆ ಬಂದೆ. ಬೆಡ್‌ಶೀಟಿಗೆ ಗಂಜಿ ಜಾಸ್ತಿ. ಮಡಚೋದೂ ಅವರಿಗೆ ಬರಲ್ಲ, ಇಳಿಯೋ ಮುಂಚೆ ನಾನೇ ಮಡಚಿಟ್ಟೆ.” ಹಿಂದೆ ಯಾರೋ ಬಿಕ್ಕುತ್ತಿದ್ದರು. “ಅಕ್ಕ” ಅಂದಳು ಅಮ್ಮ. “ನಿನ್ನೆಯಿಂದ ಹೀಗೇ. ನಾನೂ ಹೀಗೇ. ಇಡ್ತೀನಿ.”

ಮಗಳು ಮತ್ತೆ ಲೆಕ್ಕಕ್ಕೆ ಕೂತಳು. ಖಾತೆಯಲ್ಲಿ ಅರವತ್ತೇಳು ಸಾವಿರ ಉಳಿದಿತ್ತು, ಹೊಸ ದರಕ್ಕೆ ಇನ್ನು ಮೂವತ್ತೆಂಟು ಸಾವಿರ ಬೇಕು. ಮನೆ ಖಾಲಿ. ಅಮ್ಮ ನಿಂತು ಉಣ್ಣುತ್ತಿದ್ದ ಕಟ್ಟೆಯ ಮುಂದೆ ತಾನೂ ನಿಂತು ಉಂಡಳು. ಅಮ್ಮನ ಒಂದು ಸೀರೆ ಗೂಟದಲ್ಲಿ ನೇತಾಡುತ್ತಿತ್ತು, ಅದನ್ನು ಒಗೆಯಲಿಲ್ಲ. ಮೊದಲು ಮೈಲಿಗಾಗಿ ಹಾರುತ್ತಿದ್ದವಳು ಈಗ ಮನೆಯಲ್ಲಿರಲಾರದೆ ಹಾರಿದಳು. ಐದನೆಯ ತಿಂಗಳು ಲೆಕ್ಕ ತುಂಬಿತು. ಬೆಳಿಗ್ಗೆ ಏಳಕ್ಕೆ ಸೀಟೂ ಕಂಡಿತು. ಹಿಗ್ಗಿ ಹೀರೇಕಾಯಿಯಾಗಿ ಅಮ್ಮನಿಗೆ ಫೋನು ಮಾಡಿದಳು.

“ಸೀಟು ಸಿಕ್ಕಿದೆ ಅಮ್ಮ. ಇನ್ನು ಎಂಟು ದಿನಕ್ಕೆ. ಹಿಡೀತೀನಿ.”

ಆ ಕಡೆ ನಲ್ಲಿಯ ನೀರು ಬೀಳುವ ಸದ್ದು ಕೇಳಿ, ಆಮೇಲೆ ನಿಂತಿತು.

“ಕೇಳಿಸ್ತಾ?”

“ಕೇಳಿಸ್ತು ಮಗಳೇ. ಬೈಬೇಡ. ಅಕ್ಕ ನನ್ನ ಹೆಸರಲ್ಲಿ ಅರ್ಜಿ ಹಾಕಿದ್ದಾಳೆ, ಇಲ್ಲೇ ಇರೋದಕ್ಕೆ. ಹೋದ್ವಾರ ಒಪ್ಪಿಗೆಯ ಕಾಗದ ಬಂತು. ನಿನಗೆ ಹೇಗೆ ಹೇಳೋದು ಅಂತ ಒದ್ದಾಡ್ತಿದ್ದೆ.” ಅಮ್ಮನ ಮಾತು ಈಗ ಒಂದೇ ಸಮನೆ ಬಂತು. “ವಾರಕ್ಕೆ ಮೂರು ದಿನ ಅವಳ ಜೊತೆ ಹೋಗ್ತೀನಿ. ಅವಳು ಮಷೀನಿಗೆ ಅಂಟಿಕೊಂಡು ಮಲಗಿರ್ತಾಳೆ, ನಾನು ಪಕ್ಕದಲ್ಲಿ ನಿಂತಿರ್ತೀನಿ. ಕಾಲು ಸೋತ್ರೆ ಅಲ್ಲಿನ ಬಟ್ಟೆ ಒಗೆಯೋರ ಹತ್ರ ಹೋಗಿ ಬರ್ತೀನಿ, ಅವರ ಭಾಷೆ ನನಗೆ ಬರಲ್ಲ, ನನ್ನದು ಅವರಿಗೆ ಬರಲ್ಲ, ಕೆಲಸ ಗೊತ್ತಲ್ಲ. ನಾಲ್ಕು ವರ್ಷ ಅವಳು ಒಬ್ಬಳೇ ಟ್ಯಾಕ್ಸಿಲಿ ಹೋಗಿ ಬಂದಿದ್ದಾಳೆ ಕಣೇ. ಸೂಜಿ ಕಿತ್ತ ಮೇಲೆ ಹಿಡ್ಕೊಳ್ಳೋಕೂ ಒಂದು ಕೈ ಇರ್ಲಿಲ್ಲ. ಹೇಗೆ ಬಿಟ್ಟು ಬರ್ಲಿ?”

“ಬರ್ಬೇಡ ಬಿಡು” ಅಂದಳು ಮಗಳು. ಕೋಪದಲ್ಲಿ ಅಂದದ್ದಲ್ಲ. ಫೋನಿಟ್ಟು ಕಿಟಕಿಯ ಸರಳು ಹಿಡಿದು ನಿಂತಳು. ಎರಡು ವರ್ಷ ಹಗಲೂ ಇರುಳೂ ಓಡಾಡಿ ತಾನು ಕೂಡಿಸಬೇಕೆಂದ ಅಕ್ಕತಂಗಿಯರು ಕೂಡಿದ್ದರು. ಅದಕ್ಕೆ ಅಳುವವಳನ್ನು ಜನ ಏನೆಂದಾರು? ಆದರೂ ಅಳು ಬಂತು.

ಆ ಮೈಲಿಯನ್ನು ಅವಳು ವ್ಯರ್ಥ ಮಾಡಲಿಲ್ಲ. ಎರಡು ದಿನ ಯೋಚಿಸಿ, ಹೋಗುವ ದಿಕ್ಕಿನ ಸೀಟು ಹುಡುಕಿ ತನ್ನ ಹೆಸರಿಗೆ ಹಿಡಿದಳು. ವಾಪಸ್ಸಿಗೆ ಹಿಂದಿನ ಸಾಲಿನ ಸಾದಾ ಟಿಕೆಟು. ಹತ್ತು ದಿನದ ರಜೆಗೆ ಮ್ಯಾನೇಜರ್ ತಲೆ ಕೆರೆದುಕೊಂಡಾಗ, “ನಾಲ್ಕು ವರ್ಷದಲ್ಲಿ ಇದೇ ಮೊದಲು ತಗೋತಿರೋದು ಸರ್” ಅಂದಳು. ಅವನು ಸಹಿ ಹಾಕಿದ.

ಬಿಸಿ ಟವೆಲು ಬಂತು, ಗಾಜಿನ ಲೋಟ ಬಂತು. ಊಟ ಮುಗಿದ ಮೇಲೆ ಅವಳು ಗುಂಡಿ ಒತ್ತಿ ಮಲಗಿದಳು. ಇದೇ ದಾರಿಯಲ್ಲಿ ಅಮ್ಮ ಹೀಗೇ ಮಲಗಿ ಬಂದದ್ದು. ಒಬ್ಬಳೇ, ಕೈಯಲ್ಲಿ ಒಂದು ಹಾಳೆ ಹಿಡಿದು, ಹತ್ತೊಂಬತ್ತು ವರ್ಷ ನೋಡದ ಅಕ್ಕನ ಕಡೆಗೆ. ಮಾಡಿನ ಸಣ್ಣ ದೀಪ ನೋಡುತ್ತಾ ಅಮ್ಮ ಏನು ಯೋಚಿಸಿದ್ದಾಳು? ಒಂದು ಕ್ಷಣವಾದರೂ ನನ್ನನ್ನು ನೆನೆದಳೋ, ಇಲ್ಲ ಮನಸ್ಸು ಆಗಲೇ ಆ ದಡ ಮುಟ್ಟಿಬಿಟ್ಟಿತ್ತೋ? ಯೋಚನೆ ಬಂದದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಅಷ್ಟು ಮೆತ್ತಗಿನ ಹಾಸಿಗೆಯಲ್ಲಿ ಅವಳಿಗೆ ಕಣ್ಣು ಹತ್ತಲಿಲ್ಲ.

ದೊಡ್ಡಮ್ಮನ ಮನೆ ಮೂರನೆಯ ಮಹಡಿಯಲ್ಲಿ, ಎರಡು ಕೋಣೆಯದು. ಬಾಗಿಲು ತೆರೆದ ಅಮ್ಮ ದಪ್ಪಗಾಗಿದ್ದಳು, ಮುಖದಲ್ಲಿ ಕಳೆ ಬಂದಿತ್ತು. ಮಗಳ ಎರಡೂ ಕೆನ್ನೆ ಹಿಡಿದು, “ಒಣಗಿಹೋಗಿದ್ದೀಯಲ್ಲೇ, ಏನು ತಿಂತೀಯಾ?” ಅಂದಳು. ಅವಳ ಹಿಂದೆ ದೊಡ್ಡಮ್ಮ, ಗುಬ್ಬಿಗಿಂತ ಸಣ್ಣವಳಾಗಿ, ತೋಳಿಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದಳು. “ಇವಳನ್ನ ನನಗೆ ಕಳ್ಸಿಕೊಟ್ಟೋಳು ನೀನೇನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಗಳ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಮಧ್ಯಾಹ್ನ ಅಕ್ಕತಂಗಿಯರು ಒಂದೇ ಮಂಚದಲ್ಲಿ ಮಲಗುತ್ತಿದ್ದರು. ಮಗಳು ಹೊರಗಿನ ಸೋಫಾದಲ್ಲಿ. ತೆರೆದ ಬಾಗಿಲಿನಿಂದ ಅವರ ಮಾತು ಕೇಳುತ್ತಿತ್ತು, ಅರ್ಧಕ್ಕರ್ಧ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಹುಟ್ಟುವ ಮೊದಲೇ ಸತ್ತವರ ಹೆಸರುಗಳು, ಬಾಲ್ಯದ ಯಾವುದೋ ಬೆಕ್ಕು, ಯಾರೋ ಕದ್ದ ಸಾಬೂನು. ಇಬ್ಬರೂ ಕಿಸಕ್ಕನೆ ನಗುವರು. “ಹಾಗಲ್ಲ ಅಕ್ಕ, ಅದು ನೀನೇ” ಎಂದು ಅಮ್ಮ ಅನ್ನುವ ದನಿಯನ್ನು ಮಗಳು ಈ ಮೊದಲು ಕೇಳಿರಲಿಲ್ಲ. ಹತ್ತು ವರ್ಷದ ಹುಡುಗಿಯ ದನಿ. ಆ ಹುಡುಗಿಯ ಪರಿಚಯ ತನಗಿಲ್ಲ, ಇನ್ನು ಆಗುವುದೂ ಇಲ್ಲ ಎಂದುಕೊಳ್ಳುತ್ತಾ ಅವಳು ಕಣ್ಣು ಮುಚ್ಚಿ ಕೇಳಿದಳು.

ಎಂಟನೆಯ ದಿನ ಬೆಳಿಗ್ಗೆ ಅವಳು ಪೆಟ್ಟಿಗೆ ತುಂಬಿದಳು. ವಿಮಾನ ಸಂಜೆಗೆ. ಅಮ್ಮ ಕಿಟಕಿಯ ಬೆಳಕಿಗೆ ನಿಂತು ಅವಳ ಕೋಟಿನ ಸಡಿಲ ಗುಂಡಿಯೊಂದನ್ನು ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡು ಮಾಡಿ, ಕೋಟು ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

“ಇನ್ನು ನಾಲ್ಕು ದಿನ ಇರೋಕಾಗಲ್ವಾ?”

ಮಗಳು ತಿರುಗಿ ನೋಡಿದಳು. ಇಷ್ಟು ವರ್ಷ ಶೂ ಕಟ್ಟಿಕೊಂಡು ಹೊರಡುವಾಗ ಅಮ್ಮ ದಿನಗಳ ಲೆಕ್ಕ ಹೇಳಿದ್ದುಂಟು, ಗೊಣಗಿದ್ದುಂಟು. ಇರು ಎಂದು ಕೇಳಿದ್ದು ಇದೇ ಮೊದಲು.

“ಟಿಕೆಟ್ ಬದಲಿಸೋಕೆ ದಂಡ ಹಾಕ್ತಾರಮ್ಮ. ಸಾದಾ ಟಿಕೆಟಿಗೆ ಬಂಗಾರದ ಕಾರ್ಡೂ ನಡೆಯಲ್ಲ.”

“ನನಗೆ ಅದೆಲ್ಲ ಗೊತ್ತಾಗಲ್ಲ” ಅಂದಳು ಅಮ್ಮ. “ಇಲ್ಲಿ ದಿನಾ ಅಡುಗೆ ಮಾಡುವಾಗ ನಿನ್ನ ಪಾಲಿನ ಅಕ್ಕೀನೂ ಅಳೆದುಬಿಡ್ತೀನಿ. ಅಕ್ಕನಿಗೆ ಹೇಳಿಲ್ಲ, ನೊಂದ್ಕೋತಾಳೆ. ವಿಮಾನದಲ್ಲಿ ಬರುವಾಗ ಪೂರ್ತಿ ಹದಿನಾಲ್ಕು ಗಂಟೆ ನಾನು ಮಲಗ್ಲಿಲ್ಲ ಕಣೇ. ನೀನು ಆ ಗಾಜಿನ ಹತ್ರ ಹೇಗೆ ನಿಂತಿದ್ದೆ ಅಂತ ನೆನೀತಿದ್ದೆ. ಬೆನ್ನು ಮಲಗಿತ್ತು, ಅಷ್ಟೇ.”

ಒಳಗಿನಿಂದ ದೊಡ್ಡಮ್ಮ ಕೂಗಿದಳು, “ಗುಬ್ಬಿ, ಅವಳು ಹೊರಟ್ಲಾ?”

ಮಗಳು ಫೋನು ತೆಗೆದು ವಿಮಾನ ಸಂಸ್ಥೆಗೆ ಮಾಡಿದಳು. ಕಾಯಿರಿ ಎಂದು ಸಂಗೀತ ಹಾಕಿದರು. ಕಾಯುತ್ತಾ ಅವಳು ಸೋಫಾದ ಮುಂದೆ ನೆಲದ ಮೇಲೆ ಕೂತಳು. ಅಮ್ಮ ಕೋಟನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಬಂದು, ಸೋಫಾದ ಅಂಚು ಹಿಡಿದು ನಿಧಾನಕ್ಕೆ ಬಾಗಿ, ಅವಳ ಪಕ್ಕದಲ್ಲಿ ಚಾಪೆಯಿಲ್ಲದ ನೆಲದ ಮೇಲೆ ಕೂತಳು.

“ಅಮ್ಮ, ಬೆನ್ನು...”

“ಸುಮ್ನಿರು” ಅಂದಳು ಅಮ್ಮ, ಅವಳ ಭುಜಕ್ಕೆ ಒರಗಿ. “ನೋಯೋಕೆ ಇನ್ನೂ ಹೊತ್ತಿದೆ.”